ಒಂಬತ್ತು ವರ್ಷ ಒಂದೇ ಕುರ್ಚಿ: ಕೊಡಗಿನಲ್ಲೇ ಇದ್ದು ಉದ್ಯೋಗದಲ್ಲಿ ಮೇಲೇರುವ ದಾರಿ ಇದೆಯೇ?

ಗೋದಾಮಿನ ಲೆಕ್ಕಿಗ, ಕುಶಾಲನಗರ

ಎಲ್ಲರಿಗೂ ನಮಸ್ಕಾರ. ನನಗೆ ಈಗ 32 ವರ್ಷ. ಬಿ.ಕಾಂ. ಮುಗಿಸಿ ಕುಶಾಲನಗರದ ಬಳಿಯ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕಾರ್ಖಾನೆ) ಲೆಕ್ಕಪತ್ರ ಸಹಾಯಕನಾಗಿ ಸೇರಿ ಒಂಬತ್ತು ವರ್ಷ ಕಳೆದಿದೆ. ಸೇರಿದ ದಿನ ಇದ್ದ ಹುದ್ದೆಯ ಹೆಸರೇ ಇಂದಿಗೂ ಇದೆ, ಕೆಲಸ ಮಾತ್ರ ಮೂರು ಪಟ್ಟು ಬೆಳೆದಿದೆ. ಮೊದಲು ಬಿಲ್ಲು, ವೋಚರ್ ಬರೆಯುತ್ತಿದ್ದವನು ಈಗ ಗೋದಾಮಿನ ಸ್ಟಾಕ್ ರಿಜಿಸ್ಟರ್, ಬೆಳೆಗಾರರಿಗೆ ಕೊಡುವ ಔಟ್‌ಟರ್ನ್ ವರದಿ (ಅವರು ತಂದ ಕಾಫಿಯಿಂದ ಎಷ್ಟು ಶುದ್ಧ ಬೀಜ ಬಂತೆಂಬ ಲೆಕ್ಕ), ಜಿಎಸ್‌ಟಿಗೆ ಬೇಕಾದ ವಿವರ, ಲಾರಿ ಬಂದಾಗ ತೂಕದ ಚೀಟಿಯ ತಾಳೆ, ಹೀಗೆ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದೇನೆ. ಜನವರಿಯಿಂದ ಏಪ್ರಿಲ್‌ವರೆಗೆ ರಾತ್ರಿ ಒಂಬತ್ತಕ್ಕೆ ಮೊದಲು ಮನೆ ಸೇರಿದ ನೆನಪಿಲ್ಲ.

ಕಳೆದ ವರ್ಷ ಸಹಾಯಕ ಮ್ಯಾನೇಜರ್ ಹುದ್ದೆ ಖಾಲಿಯಾದಾಗ ನನ್ನನ್ನು ಕರೆಯಬಹುದೆಂದು ಕಾದಿದ್ದೆ. ಹೊರಗಿನಿಂದ ನನಗಿಂತ ಐದು ವರ್ಷ ಚಿಕ್ಕವರೊಬ್ಬರನ್ನು ತಂದರು. ಅವರು ಒಳ್ಳೆಯವರು, ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅವರಿಗೆ ಕೆಲಸ ಹೇಳಿಕೊಡುತ್ತಿರುವವನು ನಾನೇ ಎಂಬುದನ್ನು ನುಂಗಿಕೊಳ್ಳಲು ಕಷ್ಟವಾಗುತ್ತಿದೆ.

ಸುಂಟಿಕೊಪ್ಪದ ಕಡೆ ಮೂರು ಎಕರೆ ತೋಟವಿದೆ, ಅಲ್ಲಿ ತಾಯಿ ಒಬ್ಬರೇ ಇದ್ದಾರೆ. ಹಾಗಾಗಿ ಊರು ಬಿಡುವುದು ಸುಲಭವಲ್ಲ. ದೂರಶಿಕ್ಷಣದಲ್ಲಿ ಎಂ.ಬಿ.ಎ. ಮಾಡಿದರೆ ಪ್ರಯೋಜನವಿದೆಯೇ, ಅಥವಾ ಎಲ್ಲರೂ ಮಾಡಿದಂತೆ ಮೈಸೂರು ರಸ್ತೆ ಹಿಡಿಯುವುದೇ ಸರಿಯೇ? ಅನುಭವವಿರುವವರು ತಿಳಿಸಬೇಕೆಂದು ಕೋರುತ್ತೇನೆ.

ನಿವೃತ್ತ ಮ್ಯಾನೇಜರ್, ಸಿದ್ದಾಪುರ

ತಮ್ಮಾ, ನಿಮ್ಮ ಬರಹ ಓದಿದಾಗ ನನ್ನ ಮೂವತ್ತರ ವಯಸ್ಸು ನೆನಪಾಯಿತು. ನಾನು ತೋಟವೊಂದರಲ್ಲಿ ರೈಟರ್ ಆಗಿ ಸೇರಿದವನು. ಹಾಜರಿ ಪುಸ್ತಕ, ವಾರದ ಬಟವಾಡೆ, ಗೊಬ್ಬರದ ದಾಸ್ತಾನು, ಇಷ್ಟರಲ್ಲಿ ನನ್ನ ಹತ್ತು ವರ್ಷ ಕರಗಿಹೋಯಿತು. ನನ್ನನ್ನು ಮೇಲಕ್ಕೆ ಎತ್ತಿದ್ದು ಪ್ರಾಮಾಣಿಕತೆ ಎಂದು ಹೇಳಿಕೊಳ್ಳಲು ಇಷ್ಟವಾದರೂ ಅದು ಪೂರ್ತಿ ನಿಜವಲ್ಲ, ಏಕೆಂದರೆ ಪ್ರಾಮಾಣಿಕ ರೈಟರ್‌ಗಳು ನಮ್ಮ ಹೋಬಳಿಯಲ್ಲೇ ಬೇಕಾದಷ್ಟಿದ್ದರು.

ಆ ಕಾಲದಲ್ಲಿ ಬೆಳೆಗಾರ ತನ್ನ ಕಾಫಿಯನ್ನು ತಾನೇ ಮಾರುವಂತಿರಲಿಲ್ಲ. ಎಲ್ಲವೂ ಕಾಫಿ ಬೋರ್ಡಿನ ಪೂಲ್‌ಗೆ, ಅಂದರೆ ಆ ಸರ್ಕಾರಿ ಮಂಡಳಿಯೇ ಎಲ್ಲರ ಕಾಫಿಯನ್ನು ಒಟ್ಟುಗೂಡಿಸಿ ಮಾರುವ ವ್ಯವಸ್ಥೆಗೆ, ಹೋಗಬೇಕಿತ್ತು, ಹಣ ಕಂತು ಕಂತಾಗಿ ಬರುತ್ತಿತ್ತು. ತೊಂಬತ್ತರ ದಶಕದ ಆರಂಭದಲ್ಲಿ ಆ ಹಿಡಿತ ಸಡಿಲವಾಗುತ್ತ ಬಂದು, 1996ರ ಹೊತ್ತಿಗೆ ಬೆಳೆಗಾರರಿಗೆ ತಮ್ಮ ಪೂರ್ತಿ ಬೆಳೆಯನ್ನು ಬೇಕಾದವರಿಗೆ ಮಾರುವ ಸ್ವಾತಂತ್ರ್ಯ ಸಿಕ್ಕಿತು. ಆಗ ಎಷ್ಟೋ ಅನುಭವಿ ಮ್ಯಾನೇಜರ್‌ಗಳು ತಬ್ಬಿಬ್ಬಾದರು. ಪೂಲ್‌ಗೆ ಕಾಫಿ ತಲುಪಿಸಿ ರಸೀದಿ ತರುವುದು ಅವರಿಗೆ ಗೊತ್ತಿತ್ತು. ಆದರೆ ಇಂದು ಮಾರಬೇಕೇ, ಮುಂದಿನ ವಾರ ಮಾರಬೇಕೇ, ಈ ಚೀಲಕ್ಕೆ ಎಷ್ಟು ಔಟ್‌ಟರ್ನ್ ಬಂದೀತು, ವ್ಯಾಪಾರಿ ಹೇಳುವ ತೇವಾಂಶ ನಿಜವೇ ಎಂಬ ಪ್ರಶ್ನೆಗಳನ್ನು ಅವರಿಗೆ ಯಾರೂ ಎಂದೂ ಕೇಳಿರಲಿಲ್ಲ. ನಾನು ಅದಕ್ಕೂ ಒಂದೆರಡು ವರ್ಷ ಮುಂಚಿನಿಂದ, ಬರೀ ಕುತೂಹಲಕ್ಕೆ, ನಮ್ಮ ತೋಟದ ಪ್ರತಿ ಲಾಟಿನ ಔಟ್‌ಟರ್ನನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೆ. ಯಾವ ಬ್ಲಾಕಿನ ಕಾಯಿ, ಎಷ್ಟು ದಿನ ಕಣದಲ್ಲಿ ಒಣಗಿತು, ಕ್ಯೂರಿಂಗ್‌ನಲ್ಲಿ ಎಷ್ಟು ಬಂತು ಎಂಬುದಷ್ಟೇ ಅದರಲ್ಲಿತ್ತು. ಮಾಲೀಕರಿಗೆ ಒಮ್ಮೆಗೇ ಬೇಕಾಗಿದ್ದು ಆ ನೋಟ್‌ಬುಕ್. ಎರಡು ವರ್ಷದಲ್ಲಿ ನಾನು ಸಹಾಯಕ ಮ್ಯಾನೇಜರ್ ಆದೆ.

ಆದ್ದರಿಂದ ನಿಮಗೆ ಒಂದು ನೇರವಾದ ಪ್ರಶ್ನೆ ಕೇಳುತ್ತೇನೆ, ಬೇಸರಿಸಬೇಡಿ. ಹೊಸದಾಗಿ ಬಂದ ಆ ಸಹಾಯಕ ಮ್ಯಾನೇಜರ್‌ಗೆ ಬರುವ, ನಿಮಗೆ ಬಾರದ ಕೆಲಸ ಯಾವುದು? ಅಂಥದ್ದೇನೂ ಇಲ್ಲವೆಂದು ನೀವು ತಕ್ಷಣ ಉತ್ತರಿಸಿದರೆ ಅದು ಸಿಟ್ಟಿನ ಉತ್ತರ. ನಾಲ್ಕು ದಿನ ಬಿಟ್ಟು ಯೋಚಿಸಿ ಬರೆಯಿರಿ.

ಹಾರಂಗಿ ಹಿನ್ನೀರು

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ. ನಾನು ಏಳು ವರ್ಷ ಇಲ್ಲಿ ದುಡಿದು ಮೈಸೂರಿಗೆ ಹೋದೆ, ಮೊದಲ ತಿಂಗಳೇ ಸಂಬಳ ಹೆಚ್ಚೂಕಡಿಮೆ ಎರಡರಷ್ಟಾಯಿತು. ಒಂದೇ ಕಡೆ ಬಹಳ ಕಾಲ ಇದ್ದವರನ್ನು ಗೋಡೆ, ಕಿಟಕಿಯಂತೆ ಕಟ್ಟಡದ ಭಾಗವೆಂದೇ ತಿಳಿಯುತ್ತಾರೆ.

ಮಾನವ ಸಂಪನ್ಮೂಲ ವಿಭಾಗದವಳು, ಮೈಸೂರು (ಊರು ನಾಪೋಕ್ಲು)

ಮೇಲಿನ ಸಹೋದರರು ಹೇಳಿದ್ದರಲ್ಲಿ ಸತ್ಯವಿದೆ, ಆದರೆ ಅವರು ಮನೆ ಬಾಡಿಗೆಯ ಲೆಕ್ಕವನ್ನು ಹೇಳಲಿಲ್ಲ. ಊರಲ್ಲಿ ಸ್ವಂತ ಮನೆ, ತೋಟದ ಕಾಳುಮೆಣಸು, ಹಿತ್ತಲ ತರಕಾರಿ ಇರುವವರು ನಗರದ ಸಂಬಳವನ್ನು ಊರಿನ ಸಂಬಳದ ಪಕ್ಕದಲ್ಲಿಟ್ಟು ನೋಡುವಾಗ ಬಾಡಿಗೆ, ಮುಂಗಡ, ವಾರಾಂತ್ಯಕ್ಕೆ ತಾಯಿಯನ್ನು ನೋಡಲು ಬರುವ ಖರ್ಚು, ತೋಟಕ್ಕೆ ಇಡಬೇಕಾದ ಆಳಿನ ಕೂಲಿ, ಇವನ್ನೆಲ್ಲ ಕಳೆದು ನೋಡಬೇಕು. ನಮ್ಮ ಜಿಲ್ಲೆಗೆ ರೈಲೂ ಇಲ್ಲ ಎಂಬುದನ್ನು ಮರೆಯಬೇಡಿ.

ಹನ್ನೊಂದು ವರ್ಷದಿಂದ ನೂರಾರು ಅರ್ಜಿಗಳನ್ನು ಓದಿರುವವಳಾಗಿ ನನಗೆ ಕಂಡ ದೋಷ ಬೇರೆಯದು. ನಮ್ಮ ಕಡೆಯವರು ತಾವು ಮಾಡಿದ ಕೆಲಸವನ್ನು ಬರೆಯುವುದಿಲ್ಲ, ತಮಗೆ ಒಪ್ಪಿಸಿದ ಕೆಲಸವನ್ನು ಬರೆಯುತ್ತಾರೆ. "ಸ್ಟಾಕ್ ರಿಜಿಸ್ಟರ್ ನೋಡಿಕೊಳ್ಳುತ್ತೇನೆ" ಎಂಬ ವಾಕ್ಯದಿಂದ ಓದುವವರಿಗೆ ಏನೂ ತಿಳಿಯುವುದಿಲ್ಲ. ಹಂಗಾಮಿನಲ್ಲಿ ದಿನಕ್ಕೆ ಎಷ್ಟು ಲಾರಿ ಬರುತ್ತದೆ, ಎಷ್ಟು ಬೆಳೆಗಾರರ ಖಾತೆ ನಿಮ್ಮ ಕೈಯಲ್ಲಿದೆ, ತಿಂಗಳ ತಾಳೆ ಪಟ್ಟಿ ಮುಗಿಯಲು ಮೊದಲು ಎಷ್ಟು ದಿನ ಬೇಕಿತ್ತು, ನೀವು ಬಂದ ಮೇಲೆ ಎಷ್ಟಾಯಿತು, ತೂಕದ ವ್ಯತ್ಯಾಸ ಹಿಡಿದು ಯಾವ ವರ್ಷ ಯಾವ ನಷ್ಟ ತಪ್ಪಿಸಿದಿರಿ ಎಂಬುದನ್ನು ಬರೆಯಿರಿ. ಒಂದೇ ಪುಟ ಸಾಕು. ಬಣ್ಣದ ವಿನ್ಯಾಸ ಬೇಡ, ಭಾವಚಿತ್ರವೂ ಬೇಡ. ಆ ಪುಟವನ್ನು ಹೊರಗಿನವರಿಗೆ ಕಳುಹಿಸುವ ಮೊದಲು ನಿಮ್ಮ ಮಾಲೀಕರಿಗೇ ಕೊಡಿ ಎಂಬುದು ನನ್ನ ಸಲಹೆ. ಅವರಿಗೆ ನೀವು ಮಾಡುತ್ತಿರುವುದರಲ್ಲಿ ಅರ್ಧ ಗೊತ್ತಿರಲಾರದು. ಕೆಲಸ ಸುಸೂತ್ರವಾಗಿ ನಡೆದಷ್ಟು ದಿನ ಅದನ್ನು ಯಾರು ನಡೆಸುತ್ತಿದ್ದಾರೆಂದು ಮೇಲಿನವರು ಕೇಳುವುದೇ ಇಲ್ಲ.

ಇನ್ನೊಂದು ಮಾತು. ನೀವು ಆ ಹುದ್ದೆಯನ್ನು ಬಾಯಿಬಿಟ್ಟು ಕೇಳಿದ್ದಿರಾ? "ಕರೆಯಬಹುದೆಂದು ಕಾದಿದ್ದೆ" ಎಂದು ಬರೆದಿದ್ದೀರಿ. ನನ್ನ ಅಜ್ಜಿ ಹೇಳುತ್ತಿದ್ದಂತೆ, ಅತ್ತರೆ ತಾನೇ ತಾಯಿಯೂ ಹಾಲು ಕೊಡುವುದು.

ಗೋದಾಮಿನ ಲೆಕ್ಕಿಗ, ಕುಶಾಲನಗರ

ಅಕ್ಕ, ನೀವು ಸರಿಯಾದ ಜಾಗಕ್ಕೇ ಕೈ ಇಟ್ಟಿರಿ. ಒಮ್ಮೆ ಮಾತ್ರ ಕೇಳಿದ್ದೆ, ಅದೂ ಹುದ್ದೆಯನ್ನಲ್ಲ, ಸಂಬಳವನ್ನು, ಮತ್ತು ಫೆಬ್ರವರಿಯ ನಡುವಿನಲ್ಲಿ, ಅಂಗಳದಲ್ಲಿ ಆರು ಲಾರಿ ನಿಂತಿದ್ದಾಗ. "ನೋಡೋಣ" ಎಂದರು. ನಾನೂ ನೋಡುತ್ತಲೇ ಉಳಿದೆ.

ಹಿರಿಯರ ಪ್ರಶ್ನೆಗೆ ಉತ್ತರ ಹೇಳಲು ನಾಚಿಕೆಯಾಗುತ್ತದೆ. ಆ ಸಹಾಯಕ ಮ್ಯಾನೇಜರ್ ಒಂದು ಹಿಡಿ ಬೀಜವನ್ನು ಅಂಗೈಯಲ್ಲಿ ಹರಡಿ, ಇದು ಕಪ್ಪು, ಇದು ಹುಳು ಕೊರೆದದ್ದು, ಇದು ಅತಿಯಾಗಿ ಹುಳಿತದ್ದು ಎಂದು ಹೇಳಬಲ್ಲರು. ರಫ್ತುದಾರರೊಡನೆ ಫೋನಿನಲ್ಲಿ ಇಂಗ್ಲಿಷ್‌ನಲ್ಲಿ ಹಿಂಜರಿಯದೆ ಮಾತನಾಡಬಲ್ಲರು. ಒಂಬತ್ತು ವರ್ಷ ನಾನು ಕಾಫಿಯ ನಡುವೆಯೇ ಕುಳಿತಿದ್ದೇನೆ, ಆದರೆ ನನಗೆ ಗೊತ್ತಿರುವುದು ಕಾಗದದ ಮೇಲಿನ ಕಾಫಿ ಮಾತ್ರ. ಬೀಜದ ದರ್ಜೆಗಳಲ್ಲಿ ಪೀಬೆರಿ ಎಷ್ಟು ಚೀಲ, ಎಎ ಎಷ್ಟು ಚೀಲ ಎಂದು ಕಣ್ಣು ಮುಚ್ಚಿ ಹೇಳುತ್ತೇನೆ. ಎರಡನ್ನೂ ಮುಂದಿಟ್ಟರೆ ಪೀಬೆರಿ ದುಂಡಗಿರುತ್ತದೆ ಎಂಬುದರಾಚೆ ನನಗೆ ತಿಳಿಯದು.

ಕಪ್ಪಿಂಗ್ ಟೇಬಲ್

ನಾನು ಕಾಫಿ ಗುಣಮಟ್ಟದ ಕೆಲಸದಲ್ಲಿರುವವನು; ಕಪ್ಪಿಂಗ್, ಅಂದರೆ ಕಾಫಿಯ ರುಚಿ ನೋಡಿ ಪರೀಕ್ಷಿಸುವುದು, ನನ್ನ ಕೆಲಸ. ಈ ಚರ್ಚೆಯಲ್ಲಿ ಎಂ.ಬಿ.ಎ. ಪ್ರಶ್ನೆಗೆ ಯಾರೂ ಉತ್ತರಿಸದೆ ಇರುವುದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ. ನಿಮ್ಮ ಸಂಸ್ಥೆಯಲ್ಲಿ ಮ್ಯಾನೇಜರ್ ಹುದ್ದೆಗೆ ಎಂ.ಬಿ.ಎ. ಕಡ್ಡಾಯವಾಗಿದ್ದರೆ ಮಾತ್ರ ಅದಕ್ಕೆ ಎರಡು ವರ್ಷ ಕೊಡಿ, ಕೊಡುವ ಮೊದಲು ಆ ಕೋರ್ಸ್‌ಗೆ ಯುಜಿಸಿಯ ದೂರಶಿಕ್ಷಣ ಮಾನ್ಯತೆ ಆ ವರ್ಷಕ್ಕೆ ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ಇಲ್ಲವಾದರೆ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಆ ಪದವಿ ಗೋಡೆಯ ಚೌಕಟ್ಟಿಗೆ ಸೇರುತ್ತದೆ.

ಕಾಫಿಯನ್ನೇ ಕಲಿಯುವುದಾದರೆ ದಾರಿಗಳಿವೆ. ಕಾಫಿ ಬೋರ್ಡ್ ಗುಣಮಟ್ಟ ನಿರ್ವಹಣೆಯಲ್ಲಿ ಒಂದು ವರ್ಷದ ಸ್ನಾತಕೋತ್ತರ ಡಿಪ್ಲೊಮಾ ನಡೆಸುತ್ತದೆ, ಆದರೆ ಅದು ಕೃಷಿ ಮತ್ತು ವಿಜ್ಞಾನ ಪದವೀಧರರಿಗಾಗಿ ಇರುವುದು, ಬಿ.ಕಾಂ. ಓದಿದವರಿಗೆ ಪ್ರವೇಶ ಸಿಗುವುದು ಕಷ್ಟ. ಹುರಿಯುವುದು, ಕಾಫಿ ತಯಾರಿಸುವುದು ಇತ್ಯಾದಿಗೆ ಬೋರ್ಡಿನದೇ "ಕಾಪಿ ಶಾಸ್ತ್ರ" ಎಂಬ ಕೆಲವೇ ದಿನಗಳ ತರಬೇತಿ ಬೆಂಗಳೂರಿನಲ್ಲಿ ನಡೆಯುತ್ತದೆ. ಇನ್ನು ಕ್ಯೂ ಗ್ರೇಡರ್ (ಕಾಫಿಯ ರುಚಿ ನೋಡಿ ಅಂಕ ಕೊಡುವವರ) ಪರವಾನಗಿಯ ಬಗ್ಗೆ ಯುವಕರಲ್ಲಿ ದೊಡ್ಡ ಆಕರ್ಷಣೆಯಿದೆ. ಅದು ದುಬಾರಿ, ನಾಲಗೆ ಮತ್ತು ಮೂಗಿನ ಕಠಿಣ ಪರೀಕ್ಷೆ, ಮೇಲಾಗಿ ಒಮ್ಮೆ ಪಡೆದರೆ ಜೀವನಪೂರ್ತಿ ಉಳಿಯುವಂಥದ್ದಲ್ಲ. ದಿನವೂ ಕಪ್ಪಿಂಗ್ ಮಾಡುವ ಅವಕಾಶವಿಲ್ಲದವರು ಅದಕ್ಕೆ ಸಾಲ ಮಾಡಿ ಹೋಗುವುದನ್ನು ನಾನು ಒಪ್ಪುವುದಿಲ್ಲ. ನಿಮ್ಮ ಅಂಗಳದಲ್ಲೇ ಪ್ರತಿದಿನ ನೂರು ತೋಟದ ಮಾದರಿ ಬರುತ್ತದೆಯಲ್ಲ, ಬೆಳಗ್ಗೆ ಅರ್ಧ ಗಂಟೆ ಮೊದಲು ಹೋಗಿ ಮಾದರಿ ನೋಡುವವರ ಪಕ್ಕದಲ್ಲಿ ನಿಲ್ಲಿ. ಅದಕ್ಕೆ ಶುಲ್ಕವಿಲ್ಲ.

ಆದರೆ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಬೇರೆ. ಸಿದ್ದಾಪುರದ ಹಿರಿಯರು ಪೂಲ್ ಹೋದ ಕಾಲವನ್ನು ನೆನಪಿಸಿದರು. ಅಂಥದೇ ಒಂದು ಬದಲಾವಣೆ ಈಗ ನಮ್ಮ ಬಾಗಿಲಲ್ಲಿದೆ. ಭಾರತದ ಕಾಫಿಯ ಬಹುಪಾಲು ರಫ್ತಾಗುತ್ತದೆ, ಅದರಲ್ಲಿ ದೊಡ್ಡ ಭಾಗ ಇಟಲಿ, ಜರ್ಮನಿ ಮೊದಲಾದ ಯುರೋಪಿನ ದೇಶಗಳಿಗೆ ಹೋಗುತ್ತದೆ. ಐರೋಪ್ಯ ಒಕ್ಕೂಟ 2023ರಲ್ಲಿ ತಂದ ಅರಣ್ಯನಾಶ ತಡೆ ನಿಯಮದ ಪ್ರಕಾರ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಯನ್ನು ಅಲ್ಲಿ ಮಾರುವಂತಿಲ್ಲ. ಯಾವ ಜಾಗದಲ್ಲಿ ಬೆಳೆಯಿತೆಂಬುದಕ್ಕೆ ಅಕ್ಷಾಂಶ, ರೇಖಾಂಶದ ದಾಖಲೆ ಕೊಡಬೇಕು, ನಾಲ್ಕು ಹೆಕ್ಟೇರಿಗಿಂತ ದೊಡ್ಡ ಜಾಗವಾದರೆ ಅದರ ಸುತ್ತಿನ ಗಡಿಯನ್ನೇ ನಕ್ಷೆಯಲ್ಲಿ ತೋರಿಸಬೇಕು. ಜಾರಿಯ ದಿನಾಂಕವನ್ನು ಒಂದಕ್ಕಿಂತ ಹೆಚ್ಚು ಸಲ ಮುಂದೂಡಿದ್ದಾರೆ, ಹಾಗೆಂದು ಖರೀದಿದಾರರು ಕಾಯುತ್ತಾ ಕುಳಿತಿಲ್ಲ, ಈಗಲೇ ಕೇಳುತ್ತಿದ್ದಾರೆ.

ಈ ದಾಖಲೆಯನ್ನು ಇಡುವವರು ಯಾರು? ಕಪ್ಪಿಂಗ್ ಮಾಡುವ ನಾನಲ್ಲ. ಮ್ಯಾನೇಜರ್ ಕೂಡ ಅಲ್ಲ. ಯಾವ ಬೆಳೆಗಾರನ ಚೀಲ ಯಾವ ಲಾಟಿಗೆ ಸೇರಿತು, ಯಾವ ಲಾಟು ಯಾವ ಕಂಟೇನರಿಗೆ ಹೋಯಿತು ಎಂಬುದನ್ನು ಬಲ್ಲವನು ಗೋದಾಮಿನ ಲೆಕ್ಕಿಗ. ನೀವು ಕಾಗದದ ಮೇಲಿನ ಕಾಫಿ ಎಂದು ನಾಚಿಕೆಪಟ್ಟುಕೊಂಡಿರಲ್ಲ, ಇನ್ನು ಮುಂದೆ ಬೆಲೆ ಬರುವುದು ಆ ಕಾಗದಕ್ಕೆ. ಕಾಫಿ ಬೋರ್ಡ್ ಬೆಳೆಗಾರರ ನೋಂದಣಿಗೆ ಮೊಬೈಲ್ ಆ್ಯಪ್ ತಂದಿದೆ, ಅದನ್ನು ಈ ಮಳೆಗಾಲದಲ್ಲೇ ಕಲಿಯಿರಿ.

ನಿವೃತ್ತ ಮ್ಯಾನೇಜರ್, ಸಿದ್ದಾಪುರ

ಕಪ್ಪಿಂಗ್‌ನವರು ಹೇಳಿದ್ದನ್ನು ಒಪ್ಪುತ್ತೇನೆ, ಒಂದು ತಕರಾರಿನೊಂದಿಗೆ. ಕಾಗದಕ್ಕೆ ಬೆಲೆ ಬಂದರೂ ಬೀಜ ಗುರುತಿಸಲು ಬಾರದವನನ್ನು ನಮ್ಮ ಕಡೆಯ ಬೆಳೆಗಾರ ಮ್ಯಾನೇಜರ್ ಎಂದು ಒಪ್ಪುವುದಿಲ್ಲ. ಔಟ್‌ಟರ್ನ್ ಕಡಿಮೆ ಬಂದಿದೆ ಎಂದು ಜಗಳಕ್ಕೆ ಬಂದವರ ಎದುರು ರಿಜಿಸ್ಟರ್ ತೆರೆದು ತೋರಿಸಿದರೆ ಅವರ ಸಿಟ್ಟು ಇನ್ನೂ ಏರುತ್ತದೆ. ಅವರದೇ ಚೀಲದಿಂದ ಒಂದು ಹಿಡಿ ತೆಗೆದು, ನೋಡಿ, ಮಳೆಗೆ ಸಿಕ್ಕಿದೆ ಎಂದು ತೋರಿಸಬೇಕು. ಎರಡನ್ನೂ ಕಲಿಯಿರಿ ತಮ್ಮಾ.

ಮಡಿಕೇರಿಯ ನರ್ಸ್

ಕಾಫಿ ಬಿಟ್ಟು ಬೇರೆ ವೃತ್ತಿಯವರೂ ಓದುತ್ತಿರಬಹುದೆಂದು ಬರೆಯುತ್ತಿದ್ದೇನೆ. ಸರ್ಟಿಫಿಕೇಟ್ ಗೋಡೆಗೆ ಎಂಬ ಮಾತು ಎಲ್ಲ ಕ್ಷೇತ್ರಕ್ಕೂ ಹೊಂದುವುದಿಲ್ಲ. ನಾನು ಮೂರು ವರ್ಷದ ಜಿ.ಎನ್.ಎಂ. ನರ್ಸಿಂಗ್ ಡಿಪ್ಲೊಮಾ ಮುಗಿಸಿ ಖಾಸಗಿ ಆಸ್ಪತ್ರೆಯೊಂದರಲ್ಲಿ ಎಂಟು ವರ್ಷ ದುಡಿದೆ. ವಾರ್ಡಿನ ಕೆಲಸದಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ ಎಂದರೆ ಜಂಬವಾಗಲಾರದು. ಆದರೂ ಬೋಧಕಿಯಾಗಬೇಕಾದರೆ, ಮೇಲಿನ ಹುದ್ದೆಗೆ ಅರ್ಜಿ ಹಾಕಬೇಕಾದರೆ ಪದವಿ ಬೇಕೇ ಬೇಕಿತ್ತು. ಕೊನೆಗೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ನರ್ಸಿಂಗ್ ಮಾಡಿದೆ, ಮಗುವನ್ನು ಅಮ್ಮನ ಬಳಿ ಬಿಟ್ಟು. ಆ ಎರಡು ವರ್ಷ ಸಂಬಳವಿರಲಿಲ್ಲ. ಈಗ ಕೆಲಸ ಬೇರೆ, ಗೌರವ ಬೇರೆ. ನಿಯಮವೇ ಪದವಿ ಕೇಳುವ ವೃತ್ತಿಯಲ್ಲಿರುವವರು ಬೇಗ ಓದಿ ಮುಗಿಸಿಕೊಳ್ಳಿ, ನನ್ನಂತೆ ಎಂಟು ವರ್ಷ ಕಾಯಬೇಡಿ.

ವಿರಾಜಪೇಟೆ ಕೌಂಟರ್

ಬ್ಯಾಂಕಿನಲ್ಲಿ ಗುಮಾಸ್ತನಾಗಿರುವ ನನ್ನ ಕಥೆ ತದ್ವಿರುದ್ಧ. ನಮ್ಮಲ್ಲಿ ಬಡ್ತಿಯ ದಾರಿ ಸ್ಪಷ್ಟವಾಗಿದೆ, ಪರೀಕ್ಷೆ ಬರೆದರೆ ಅಧಿಕಾರಿಯಾಗಬಹುದು. ಆದರೆ ಬಡ್ತಿಯೊಂದಿಗೆ ವರ್ಗಾವಣೆ ಬರುತ್ತದೆ, ಕೊಡಗಿನಲ್ಲೇ ಉಳಿಯುವ ಖಾತರಿ ಯಾರೂ ಕೊಡುವುದಿಲ್ಲ. ಎರಡು ಸಲ ಅವಕಾಶ ಬಂದಾಗಲೂ ತಂದೆಯ ಅನಾರೋಗ್ಯ ಮತ್ತು ತೋಟದ ಕಾರಣ ಹೇಳಿ ಬಿಟ್ಟುಬಿಟ್ಟೆ. ತಂದೆಯ ವಿಷಯದಲ್ಲಿ ಪಶ್ಚಾತ್ತಾಪವಿಲ್ಲ. ತೋಟದ ವಿಷಯದಲ್ಲಿ ಇದೆ, ಏಕೆಂದರೆ ನಾನಿದ್ದೂ ಅದನ್ನು ನೋಡಿಕೊಂಡವರು ಕೆಲಸದವರೇ. ಊರು ಬಿಡಲಾರೆ ಎನ್ನುವ ಪ್ರತಿಯೊಬ್ಬರೂ ತಮ್ಮನ್ನು ನಿಜವಾಗಿ ಹಿಡಿದಿಟ್ಟಿರುವುದು ಯಾವುದೆಂದು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಲೆಕ್ಕಿಗರು ಕೆಲಸ ಬಿಡುವುದಾದರೆ ಒಂದು ಎಚ್ಚರಿಕೆ. ಒಂಬತ್ತು ವರ್ಷ ಆಗಿದೆ ಎಂದಿದ್ದೀರಿ. ನೌಕರರ ಪಿಂಚಣಿ ಯೋಜನೆಯಲ್ಲಿ ತಿಂಗಳ ಪಿಂಚಣಿಗೆ ಅರ್ಹರಾಗಲು ಹತ್ತು ವರ್ಷದ ಸೇವೆ ಬೇಕು. ಹೊಸ ಕಡೆ ಸೇರಿದಾಗ ಭವಿಷ್ಯನಿಧಿಯ ಖಾತೆಯನ್ನು ಅದೇ ಯುಎಎನ್ ಸಂಖ್ಯೆಯಡಿ (ಕೆಲಸ ಬದಲಾದರೂ ಬದಲಾಗದ ನಿಮ್ಮ ಭವಿಷ್ಯನಿಧಿ ಸಂಖ್ಯೆ) ವರ್ಗಾಯಿಸಿಕೊಂಡರೆ ಹಳೆಯ ಸೇವೆಯೂ ಸೇರುತ್ತದೆ, ಮನೆ ರಿಪೇರಿಗೆಂದು ಪಿಂಚಣಿ ಹಣವನ್ನೂ ಹಿಂಪಡೆದರೆ ಒಂಬತ್ತು ವರ್ಷ ಅಳಿಸಿಹೋಗುತ್ತದೆ. ಗ್ರಾಚ್ಯುಟಿಗೂ ನೀವು ಅರ್ಹರು. ಕೊನೆಯ ತಿಂಗಳ ಮೂಲವೇತನ ಮತ್ತು ತುಟ್ಟಿಭತ್ಯೆಯನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಬಂದದ್ದನ್ನು ಸೇವೆಯ ವರ್ಷಗಳಿಂದ ಗುಣಿಸಿ ನೋಡಿ. ಕೌಂಟರಿನಲ್ಲಿ ಕುಳಿತು ಇದನ್ನು ತಿಳಿಯದೆ ಬಿಟ್ಟುಕೊಟ್ಟವರನ್ನು ಬಹಳ ನೋಡಿದ್ದೇನೆ.

ಹಾರಂಗಿ ಹಿನ್ನೀರು

ಭವಿಷ್ಯನಿಧಿಯ ವಿಷಯ ನನಗೆ ಗೊತ್ತಿರಲಿಲ್ಲ. ನಾನು ಪೂರ್ತಿ ತೆಗೆದು ಬೈಕ್ ಕೊಂಡಿದ್ದೆ. ಧನ್ಯವಾದ, ತಡವಾದರೂ.

ಮಾನವ ಸಂಪನ್ಮೂಲ ವಿಭಾಗದವಳು, ಮೈಸೂರು (ಊರು ನಾಪೋಕ್ಲು)

ಲೆಕ್ಕಿಗರೇ, ಮಾಲೀಕರ ಬಳಿ ಹೋಗುವಾಗ ಒಂದು ಅಂಶ ಗಮನದಲ್ಲಿರಲಿ. "ನನಗೆ ಅನ್ಯಾಯವಾಗಿದೆ" ಎಂದು ಆರಂಭಿಸಿದರೆ ಅವರು ತಮ್ಮನ್ನು ಸಮರ್ಥಿಸಿಕೊಳ್ಳಲು ತೊಡಗುತ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಯುರೋಪಿನ ದಾಖಲೆಯ ಕೆಲಸ ಬರಲಿದೆ, ಅದನ್ನು ನಾನು ಹೀಗೆ ಮಾಡಬಲ್ಲೆ, ಅದಕ್ಕೆ ಇಷ್ಟು ಅಧಿಕಾರ ಮತ್ತು ಈ ಹುದ್ದೆ ಬೇಕಾಗುತ್ತದೆ ಎಂದು ಹೇಳಿ. ಉತ್ತರಕ್ಕೆ ಒಂದು ದಿನಾಂಕ ಕೇಳಿ. "ನೋಡೋಣ" ಎಂದರೆ "ಹುತ್ತರಿ ಹಬ್ಬ ಕಳೆದ ಮೇಲೆ ಬಂದು ಕೇಳಲೇ?" ಎಂದು ಅಲ್ಲೇ ಕೇಳಿಬಿಡಿ. ಹಂಗಾಮು ಶುರುವಾಗುವ ಮುಂಚೆ ಅವರಿಗೂ ಉಸಿರಾಡಲು ಪುರುಸೊತ್ತಿರುತ್ತದೆ. ಜೊತೆಗೆ ಬೇರೆ ಕಡೆಯೂ ಸದ್ದಿಲ್ಲದೆ ಅರ್ಜಿ ಹಾಕಿ. ಆದರೆ ಬೇರೆಡೆ ಕೆಲಸ ಸಿಕ್ಕಿದೆ ಎಂದು ಹೆದರಿಸಬೇಡಿ. ನಮ್ಮದು ಸಣ್ಣ ಜಿಲ್ಲೆ, ಗೋಣಿಕೊಪ್ಪದಲ್ಲಿ ಆಡಿದ ಮಾತು ಸಂಜೆಯೊಳಗೆ ಸೋಮವಾರಪೇಟೆ ತಲುಪಿರುತ್ತದೆ.

ಗೋದಾಮಿನ ಲೆಕ್ಕಿಗ, ಕುಶಾಲನಗರ

ಮೂರು ತಿಂಗಳ ಬಳಿಕ ಬರೆಯುತ್ತಿದ್ದೇನೆ, ತಡವಾದುದಕ್ಕೆ ಕ್ಷಮೆಯಿರಲಿ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಗೆ ನಮ್ಮ ಕಡೆ ಹನ್ನೊಂದು ದಿನ ಕರೆಂಟ್ ಇರಲಿಲ್ಲ, ನೆಟ್‌ವರ್ಕ್ ಕೇಳುವುದೇ ಬೇಡ.

ಒಂದು ಪುಟ ಬರೆಯಲು ನನಗೆ ಎರಡು ವಾರ ಹಿಡಿಯಿತು. ಬರೆಯುತ್ತಾ ಹೋದಂತೆ, ನಾನು ಮಾಡಿದ್ದೆಂದು ಹೆಮ್ಮೆಪಡುತ್ತಿದ್ದ ಕೆಲವು ಕೆಲಸ ಬರೀ ದಿನದ ದಂದುಗ ಎಂದು ತಿಳಿಯಿತು. ಮರೆತೇಹೋಗಿದ್ದ ಒಂದು ವಿಷಯ, ನಾಲ್ಕು ವರ್ಷದ ಹಿಂದೆ ಲಾರಿ ತೂಗುವ ವೇಬ್ರಿಡ್ಜ್‌ನಲ್ಲಿನ ದೋಷವನ್ನು ಚೀಟಿಗಳ ತಾಳೆಯಿಂದ ಪತ್ತೆ ಮಾಡಿದ್ದು, ಪುಟದ ಮೊದಲ ಸಾಲಾಯಿತು. ಆಗಸ್ಟ್ ಕೊನೆಯಲ್ಲಿ ಮಾಲೀಕರಿಗೆ ಕೊಟ್ಟೆ. ಅವರು ನಿಂತುಕೊಂಡೇ ಓದಿದರು, ನಂತರ ಕುಳಿತು ಇನ್ನೊಮ್ಮೆ ಓದಿ, "ಆ ತೂಕದ ವಿಷಯ ಹಿಡಿದದ್ದು ನೀನೇನಾ? ಮೆಷಿನ್ ಕಂಪನಿಯವರು ಹಿಡಿದರು ಅಂದುಕೊಂಡಿದ್ದೆ" ಎಂದರು.

ಬಡ್ತಿ ಇನ್ನೂ ಸಿಕ್ಕಿಲ್ಲ. ರಫ್ತುದಾರರಿಗೆ ಕೊಡಬೇಕಾದ ಬೆಳೆಗಾರರ ಜಾಗದ ದಾಖಲೆಯ ಕೆಲಸವನ್ನು ನನಗೆ ಒಪ್ಪಿಸಿದ್ದಾರೆ, ಒಬ್ಬ ಸಹಾಯಕನನ್ನೂ ಕೊಟ್ಟಿದ್ದಾರೆ. ಹುದ್ದೆ ಮತ್ತು ಸಂಬಳದ ಬಗ್ಗೆ ಡಿಸೆಂಬರ್ 15ರಂದು ಕುಳಿತು ಮಾತನಾಡುವುದೆಂದು ಅವರ ಡೈರಿಯಲ್ಲೇ ಬರೆಸಿ ಬಂದೆ. ಬೆಳಗ್ಗೆ ಅರ್ಧ ಗಂಟೆ ಮಾದರಿ ನೋಡುವವರ ಪಕ್ಕದಲ್ಲಿ ನಿಲ್ಲುತ್ತಿದ್ದೇನೆ. ಆ ಸಹಾಯಕ ಮ್ಯಾನೇಜರ್ ಅವರೇ ಹೇಳಿಕೊಡುತ್ತಾರೆ, ನಾನು ಅವರಿಗೆ ಜಿಎಸ್‌ಟಿ ಹೇಳಿಕೊಡುತ್ತೇನೆ.

ಒಂದು ತೊಡಕಿದೆ. ಜಾಗದ ದಾಖಲೆ ಕೇಳಿದರೆ ಹಲವು ಬೆಳೆಗಾರರು ಅನುಮಾನಪಡುತ್ತಿದ್ದಾರೆ. ಕುಟುಂಬದ ಜಮೀನು ಇನ್ನೂ ಅಜ್ಜನ ಹೆಸರಿನಲ್ಲಿದೆ, ಭಾಗವಾಗಿಲ್ಲ, ಯಾರ ಹೆಸರು ಬರೆಯಲಿ ಎಂದು ಕೇಳುತ್ತಾರೆ.

ನಿವೃತ್ತ ಮ್ಯಾನೇಜರ್, ಸಿದ್ದಾಪುರ

ಆ ತೊಡಕನ್ನು ಬಿಡಿಸುವುದೇ ನಿಮ್ಮ ಮುಂದಿನ ಹುದ್ದೆಯ ಕೆಲಸ ಎಂದುಕೊಳ್ಳಿ. ಫೋನಿನಲ್ಲಿ ಕೇಳಬೇಡಿ, ಭಾನುವಾರ ಮನೆಗೇ ಹೋಗಿ, ಹಿರಿಯರ ಎದುರು ಕುಳಿತು ಮಾತನಾಡಿ. ಜಮೀನು ಯಾರ ಹೆಸರಿನಲ್ಲಿದೆ ಎಂಬ ಪ್ರಶ್ನೆಯನ್ನು ಮೊದಲು ಎತ್ತಬೇಡಿ, ತೋಟ ಎಲ್ಲಿಂದ ಎಲ್ಲಿಯವರೆಗೆ ಇದೆ ಎಂದು ತೋರಿಸಲು ಹೇಳಿ, ಅವರೊಡನೆ ಬೇಲಿಯ ಉದ್ದಕ್ಕೂ ನಡೆಯಿರಿ. ನಮ್ಮ ಕಡೆಯ ಮೂರು ನಾಲ್ಕು ಮನೆಯವರು ನಿಮ್ಮಲ್ಲಿಗೇ ಕಾಫಿ ಕೊಡುತ್ತಾರೆ. ಮುಂದಿನ ಭಾನುವಾರ ಬರುವುದಾದರೆ ನಾನೂ ಜೊತೆಗೆ ಬರುತ್ತೇನೆ, ಗಂಬೂಟು ಮರೆಯಬೇಡಿ, ಜಿಗಣೆ ಇನ್ನೂ ಇದೆ.